ಪುಟಾಣಿ ಕಾರಿನ ಅಂಕಪಟ್ಟಿ

ಹಳೆಯ ಕಾರಿಗೂ ಪರೀಕ್ಷೆ ಉಂಟು, ಪಾಸು-ಫೇಲು ಉಂಟು. ಪಾಸಾಗಿದೆ ಎಂದ ಮಾತ್ರಕ್ಕೆ ಅದನ್ನು ಕಣ್ಣು ಮುಚ್ಚಿ ಕೊಳ್ಳಬಹುದೇ?

ರಾತ್ರಿ ಊಟದ ಹೊತ್ತಿಗೆ ಫೋನು ಬರುತ್ತದೆ. ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿರುವ ಮಗಳು ಹಾಸನದ ಮನೆಗೆ ಮಾಡಿದ ಫೋನು.

"ಅಪ್ಪಾ, ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೀನಿ. ತುಂಬಾ ಪುಟ್ಟದು, ಎರಡೇ ಸೀಟು. ಹನ್ನೆರಡು ತಿಂಗಳ ಎಂ.ಓ.ಟಿ. ಇದೆಯಂತೆ."

"ಎಂ.ಓ.ಟಿ. ಅಂದ್ರೆ ಏನಮ್ಮಾ?"

"ನಮ್ಮೂರಲ್ಲಿ ಎಫ್.ಸಿ. ಅಂತಾರಲ್ಲ, ಹಾಗೇ. ಮೊನ್ನೆ ತಾನೆ ಪಾಸಾಗಿದೆ."

ಅಪ್ಪನಿಗೆ ಸಮಾಧಾನ. ಸರ್ಕಾರದ ಮುದ್ರೆ ಇದೆ ಎಂದ ಮೇಲೆ ಇನ್ನೇನು ಕೇಳುವುದು? ಅಷ್ಟರಲ್ಲಿ ಅಡಿಗೆಮನೆಯಿಂದ ಅಮ್ಮನ ದನಿ: "ಪಾಸಾಗಿದೆ ಸರಿ, ಎಷ್ಟು ಮಾರ್ಕ್ಸು ಬಂದಿದೆ ಕೇಳಿ!"

ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸಿದ ಮನೆಗಳಲ್ಲಿ ಇಂಥ ಮಾತುಕತೆ ಹೊಸದಲ್ಲ. ಅಮ್ಮನ ಮಾತಿಗೆ ಎಲ್ಲರೂ ನಗುತ್ತಾರೆ, ಫೋನು ಇಡುತ್ತಾರೆ. ಆದರೆ ಅಂದಿನ ಮಾತಿನಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು.

ಎರಡೂವರೆ ಮೀಟರಿನ ಕಾರು

ಮಗಳು ನೋಡಿದ ಕಾರು ಸ್ಮಾರ್ಟ್ ಫಾರ್‌ಟೂ ಎಂದಿಟ್ಟುಕೊಳ್ಳೋಣ. ಯುರೋಪಿನ ನಗರಗಳ ಇಕ್ಕಟ್ಟಾದ ಬೀದಿಗಳಲ್ಲಿ ಥಟ್ಟನೆ ಕಣ್ಣಿಗೆ ಬೀಳುವ ಗಾಡಿ ಇದು. ಕೈಗಡಿಯಾರಗಳ ಸ್ವಾಚ್ ಕಂಪೆನಿಯನ್ನು ಕಟ್ಟಿ ಬೆಳೆಸಿದ ನಿಕೊಲಾಸ್ ಹಾಯೆಕ್ ಅವರಿಗೆ, ಗಡಿಯಾರದಂತೆಯೇ ಪುಟ್ಟದಾದ, ಬಣ್ಣಬಣ್ಣದ, ಅಗ್ಗದ ಕಾರೊಂದನ್ನು ತಯಾರಿಸುವ ಕನಸಿತ್ತು. 1994ರಲ್ಲಿ ಅವರ ಸಂಸ್ಥೆಯೂ ಮರ್ಸಿಡಿಸ್ ಕಾರುಗಳನ್ನು ತಯಾರಿಸುವ ಡೈಮ್ಲರ್-ಬೆಂಝ್ ಸಂಸ್ಥೆಯೂ ಕೈಜೋಡಿಸಿದವು. ಫ್ರಾನ್ಸಿನ ಹಾಂಬಾಕ್ ಎಂಬಲ್ಲಿ ಕಾರ್ಖಾನೆ ಎದ್ದಿತು. 1998ರಲ್ಲಿ ಕಾರು ಮಾರಾಟಕ್ಕೆ ಬಂತು. ಆದರೆ ಅದೇ ವರ್ಷ ಗಡಿಯಾರದವರು ತಮ್ಮ ಪಾಲನ್ನು ಬಿಟ್ಟುಕೊಟ್ಟು ಹೊರನಡೆದರು.

ಮೊದಲ ಮಾದರಿಯ ಉದ್ದ ಎರಡೂವರೆ ಮೀಟರು. ನಮ್ಮ ಮಾರುತಿ 800 ಕೂಡ ಇದಕ್ಕಿಂತ ಸುಮಾರು 80 ಸೆಂಟಿಮೀಟರ್ ಉದ್ದ. ಎಂಜಿನ್ನು ಹಿಂದಿದೆ, ಡಿಕ್ಕಿಯ ಹಲಗೆಯ ಕೆಳಗೆ. ಮೂರು ಸಿಲಿಂಡರ್, ಮೊದಲ ಕಾರುಗಳಲ್ಲಿ 599 ಸಿ.ಸಿ. ಕ್ಲಚ್ ಪೆಡಲ್ ಇಲ್ಲ. ಕ್ಲಚ್ಚನ್ನು ಒತ್ತುವ ಕೆಲಸವನ್ನು ಒಂದು ಸಣ್ಣ ವಿದ್ಯುತ್ ಮೋಟಾರು ಮಾಡುತ್ತದೆ. ಒಳಗೆ ಗಟ್ಟಿ ಉಕ್ಕಿನ ಪಂಜರ, ಹೊರಗೆ ಕಳಚಿ ಬದಲಿಸಬಹುದಾದ ಪ್ಲಾಸ್ಟಿಕ್ ಹೊದಿಕೆ. 2007ರಲ್ಲಿ ಎರಡನೆಯ ಪೀಳಿಗೆ ಬಂತು, 2014ರಲ್ಲಿ ಮೂರನೆಯದು. ಕೊನೆಗೆ ಪೆಟ್ರೋಲ್ ಎಂಜಿನ್ನನ್ನು ಕೈಬಿಟ್ಟು ಬರೀ ವಿದ್ಯುತ್ ಕಾರಾಗಿ ಕೆಲವು ವರ್ಷ ಉಳಿದು, 2024ರಲ್ಲಿ ತಯಾರಿಕೆಯೇ ನಿಂತಿತು. ಹಾಗಾಗಿ ಈಗ ಕೊಳ್ಳಲು ಸಿಗುವ ಫಾರ್‌ಟೂ ಹೆಚ್ಚುಕಡಿಮೆ ಎಲ್ಲವೂ ಇನ್ನೊಬ್ಬರು ಓಡಿಸಿದ್ದೇ.

ವಿದ್ಯಾರ್ಥಿಗಳಿಗೆ ಇಂಥ ಕಾರು ಹಿಡಿಸುವುದಕ್ಕೆ ಕಾರಣಗಳಿವೆ. ನಿಲ್ಲಿಸಲು ಒಂದು ಗೇಣು ಜಾಗ ಸಾಕು. ಸಣ್ಣ ಎಂಜಿನ್ನು, ಪೆಟ್ರೋಲ್ ಖರ್ಚು ಕಡಿಮೆ. ಹದಿಹರೆಯ ದಾಟಿದ ಹೊಸ ಚಾಲಕರಿಗೆ ವಿಮೆಯ ಕಂತೇ ಕಾರಿನ ಬೆಲೆಯನ್ನು ಮೀರಿಸಬಹುದಾದ ಬ್ರಿಟನ್ನಿನಲ್ಲಿ ಸಣ್ಣ ಕಾರು ಎಂದರೆ ಸಣ್ಣ ಹೊರೆ. ಪ್ಲಾಸ್ಟಿಕ್ ಹೊದಿಕೆಗೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಹದಿನೈದು ವರ್ಷದ ಕಾರೂ ತೊಳೆದರೆ ಹೊಸದರಂತೆ ಹೊಳೆಯುತ್ತದೆ. ಮೋಸ ಹೋಗುವ ಮೊದಲ ಜಾಗವೂ ಅದೇ.

ಪರೀಕ್ಷೆಯ ಪ್ರಶ್ನೆಪತ್ರಿಕೆ

ಎಂ.ಓ.ಟಿ. ಎಂದರೆ ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್, ಅಂದರೆ ಸಾರಿಗೆ ಸಚಿವಾಲಯ. ಆ ಹೆಸರಿನ ಸಚಿವಾಲಯ ಈಗ ಬ್ರಿಟನ್ನಿನಲ್ಲಿ ಇಲ್ಲ, ಪರೀಕ್ಷೆಗೆ ಮಾತ್ರ ಆ ಹೆಸರೇ ಅಂಟಿಕೊಂಡಿದೆ. 1960ರಲ್ಲಿ ಇದು ಆರಂಭವಾದಾಗ ಹತ್ತು ವರ್ಷ ತುಂಬಿದ ವಾಹನಗಳಿಗಷ್ಟೇ ಪರೀಕ್ಷೆಯಿತ್ತು. ಫೇಲಾದವುಗಳ ಸಂಖ್ಯೆ ನೋಡಿ ಅಧಿಕಾರಿಗಳು ಗಾಬರಿಯಾದರು. ಮರುವರ್ಷವೇ ಮಿತಿಯನ್ನು ಏಳು ವರ್ಷಕ್ಕೆ ಇಳಿಸಿದರು. 1967ರಿಂದ ಮೂರು ವರ್ಷವಾಯಿತು. ಇಂದಿಗೂ ಅಲ್ಲಿನ ಕಾರು ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಪರೀಕ್ಷೆಗೆ ಕೂರಬೇಕು.

ಪ್ರಶ್ನೆಪತ್ರಿಕೆ ಸಣ್ಣದೇನಲ್ಲ. ಬ್ರೇಕು ಎಷ್ಟು ಹಿಡಿಯುತ್ತದೆ ಎಂಬುದನ್ನು ತಿರುಗುವ ರೋಲರುಗಳ ಮೇಲೆ ಚಕ್ರ ನಿಲ್ಲಿಸಿ ಅಳೆಯುತ್ತಾರೆ. ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಫೇಲು. ಸ್ಟಿಯರಿಂಗು, ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ದೀಪಗಳು, ಹಾರ್ನು, ವೈಪರು, ಕನ್ನಡಿ, ಸೀಟ್ ಬೆಲ್ಟು, ಮುಂದಿನ ಗಾಜಿನ ಬಿರುಕು, ಕೆಳಗಿನ ಉಕ್ಕಿಗೆ ಹಿಡಿದ ತುಕ್ಕು, ಸೈಲೆನ್ಸರಿನ ಹೊಗೆ, ಎಲ್ಲವನ್ನೂ ನೋಡುತ್ತಾರೆ. 2018ರ ಮೇ ತಿಂಗಳಿನಿಂದ ದೋಷಗಳನ್ನು ಮೂರು ದರ್ಜೆಯಾಗಿ ವಿಂಗಡಿಸಿದ್ದಾರೆ: ಅಪಾಯಕಾರಿ, ದೊಡ್ಡದು, ಸಣ್ಣದು. ಮೊದಲೆರಡರಲ್ಲಿ ಒಂದಿದ್ದರೂ ಕಾರು ಫೇಲು. ಸಣ್ಣ ದೋಷವಿದ್ದರೆ ಪಾಸು ಮಾಡಿ, ಬೇಗ ಸರಿಪಡಿಸಿ ಎಂದು ಬರೆಯುತ್ತಾರೆ. ಇದಲ್ಲದೆ 'ಸಲಹೆ' ಎಂಬ ಇನ್ನೊಂದು ಸಾಲೂ ಉಂಟು. ಟೈರು ಸವೆಯುತ್ತಿದೆ, ಬ್ರೇಕ್ ಪೈಪಿಗೆ ತುಕ್ಕು ಶುರುವಾಗಿದೆ, ಇನ್ನೂ ಫೇಲಾಗುವ ಮಟ್ಟಕ್ಕೆ ಬಂದಿಲ್ಲ, ಕಣ್ಣಿಟ್ಟಿರಿ ಎಂಬ ಮಾತು ಅದು. ಅಮ್ಮ ಕೇಳಿದ ಮಾರ್ಕ್ಸು ಅಡಗಿರುವುದು ಈ ಸಾಲುಗಳಲ್ಲೇ.

ಈಗ ಪತ್ರಿಕೆಯಲ್ಲಿ ಇಲ್ಲದ ಪ್ರಶ್ನೆಗಳನ್ನು ನೋಡೋಣ. ಎಂಜಿನ್ನಿನ ಸ್ಥಿತಿ, ಕ್ಲಚ್ಚಿನ ಸ್ಥಿತಿ, ಗಿಯರ್ ಬಾಕ್ಸಿನ ಸ್ಥಿತಿ ಎಂ.ಓ.ಟಿ.ಯ ವ್ಯಾಪ್ತಿಗೆ ಬರುವುದಿಲ್ಲ. ಇದು ಗುಟ್ಟಲ್ಲ, ಬ್ರಿಟಿಷ್ ಸರ್ಕಾರವೇ ಸ್ಪಷ್ಟವಾಗಿ ಹೇಳುವ ಮಾತು. ಪರೀಕ್ಷಕ ಯಾವ ಭಾಗವನ್ನೂ ಬಿಚ್ಚಿ ನೋಡುವುದಿಲ್ಲ. ಮುಚ್ಚಳದ ಹಿಂದೆ, ಹೊದಿಕೆಯ ಒಳಗೆ ಏನಿದೆಯೋ ಅದು ಅಲ್ಲೇ ಉಳಿಯುತ್ತದೆ. ಗಾಡಿ ರಸ್ತೆಯಲ್ಲಿ ಇತರರಿಗೂ ತನ್ನವರಿಗೂ ಅಪಾಯ ತರದಂತಿದೆಯೇ ಎಂಬುದಷ್ಟೇ ಈ ಪರೀಕ್ಷೆಯ ಕಾಳಜಿ. ಅದು ಕೊಳ್ಳುವವನ ದುಡ್ಡಿಗೆ ತಕ್ಕ ಮಾಲೇ ಎಂದು ಯಾರೂ ಅಲ್ಲಿ ಕೇಳುವುದಿಲ್ಲ.

ಹಳೆಯ ಸ್ಮಾರ್ಟ್ ಏನನ್ನು ಬಯಲು ಮಾಡುತ್ತದೆ, ಏನನ್ನು ಬಚ್ಚಿಡುತ್ತದೆ?

ಮೊದಲ ಪೀಳಿಗೆಯ ಸ್ಮಾರ್ಟ್ ಈ ವ್ಯತ್ಯಾಸಕ್ಕೆ ಒಳ್ಳೆಯ ಉದಾಹರಣೆ. ಈ ಕಾರುಗಳನ್ನು ರಿಪೇರಿ ಮಾಡುವವರು ಚೆನ್ನಾಗಿ ಬಲ್ಲ ಕೆಲವು ಕಾಯಿಲೆಗಳಿವೆ. ಮುಂದಿನ ಚಕ್ರದ ಮೇಲಿನ ಸುರುಳಿ ಸ್ಪ್ರಿಂಗು ತುಂಡಾಗುವುದು ಒಂದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪುನೀರು ಉಕ್ಕನ್ನು ತಿನ್ನುತ್ತದೆ, ಒಂದು ಗುಂಡಿಗೆ ಚಕ್ರ ಬಿದ್ದಾಗ ಸ್ಪ್ರಿಂಗಿನ ತುದಿ ಮುರಿಯುತ್ತದೆ. ಬಾಲ್ ಜಾಯಿಂಟುಗಳು ಸಡಿಲವಾಗುವುದು ಇನ್ನೊಂದು. ಬ್ರೇಕ್ ಪೆಡಲಿನ ಬಳಿಯ ಸ್ವಿಚ್ಚು ಕೆಟ್ಟು ಹಿಂದಿನ ಬ್ರೇಕ್ ದೀಪ ಹೊತ್ತದಿರುವುದು ಮತ್ತೊಂದು. ಇವೆಲ್ಲ ಎಂ.ಓ.ಟಿ.ಯ ಬಲೆಗೆ ಬೀಳುತ್ತವೆ. ಪರೀಕ್ಷಕ ಗಾಡಿಯನ್ನು ಎತ್ತಿ, ದೀಪ ಹಿಡಿದು ಕೆಳಗೆ ನೋಡಿದರೆ ಕಾಣುತ್ತವೆ.

ಇನ್ನು ಬಲೆಗೆ ಬೀಳದ ಕಾಯಿಲೆಗಳು. ಆ ಪುಟ್ಟ ಟರ್ಬೊ ಎಂಜಿನ್ನು ವಯಸ್ಸಾದಂತೆ ಆಯಿಲ್ ಕುಡಿಯತೊಡಗುತ್ತದೆ. ಪಿಸ್ಟನ್ನಿನ ರಿಂಗುಗಳು ಜಡ್ಡುಗಟ್ಟುತ್ತವೆ, ವಾಲ್ವುಗಳು ಸುಡುತ್ತವೆ. ಸಣ್ಣ ಎಂಜಿನ್ನಿನಲ್ಲಿ ಹಿಡಿಯುವ ಆಯಿಲೂ ಸ್ವಲ್ಪವೇ. ಒಂದೊಂದು ಲೀಟರಿಗೂ ಬೆಲೆಯುಂಟು. ವಾರಕ್ಕೊಮ್ಮೆ ಕಡ್ಡಿ ಎಳೆದು ಆಯಿಲ್ ನೋಡದ ಮಾಲೀಕನ ಕೈಯಲ್ಲಿ ಎಂಜಿನ್ನು ಸದ್ದಿಲ್ಲದೆ ಸಾಯುತ್ತದೆ. ಕಣ್ಣಿಗೆ ಕುಕ್ಕುವಂತೆ ಹೊಗೆ ಬಂದರೆ ಮಾತ್ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿಯವರೆಗೆ ಪಾಸು. ಕ್ಲಚ್ಚನ್ನು ಒತ್ತುವ ಮೋಟಾರು ದಣಿದಿದ್ದರೆ ಒಂದು ಬೆಳಿಗ್ಗೆ ಗಿಯರೇ ಬೀಳುವುದಿಲ್ಲ. ಅದಕ್ಕೂ ಪರೀಕ್ಷೆಗೂ ಸಂಬಂಧವಿಲ್ಲ. ಗಾಜಿನ ಅಂಚಿನಿಂದ ಸೋರುವ ಮಳೆನೀರು ಡ್ಯಾಶ್‌ಬೋರ್ಡಿನ ಕೆಳಗಿರುವ ವಿದ್ಯುತ್ ಪೆಟ್ಟಿಗೆಗೆ ಇಳಿದು ಹಸಿರು ಪಾಚಿಯಂಥ ತುಕ್ಕು ಹಿಡಿಸುತ್ತದೆ. ಪರೀಕ್ಷೆಯ ದಿನ ದೀಪಗಳೆಲ್ಲ ಹೊತ್ತಿದವೇ? ಪಾಸು.

ಅಂದರೆ ಸೋಮವಾರ ಎಂ.ಓ.ಟಿ. ಪಾಸಾದ ಸ್ಮಾರ್ಟ್ ಮಂಗಳವಾರ ಹೆದ್ದಾರಿಯ ಅಂಚಿನಲ್ಲಿ ನಿಂತುಬಿಡಬಹುದು. ಹಾಗೆ ನಿಂತರೆ ಸುಳ್ಳು ಹೇಳಿದ್ದು ಪರೀಕ್ಷೆಯಲ್ಲ. ನಾವೇ ಅದು ಹೇಳದ ಮಾತನ್ನು ಕೇಳಿಸಿಕೊಂಡೆವು.

ಕೇಳದ ಇನ್ನೊಂದು ಪ್ರಶ್ನೆಯಿದೆ, ಅದರ ಕತೆ ಬೆಂಗಳೂರಿಗೆ ತಾಗುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ನೆನಪಿರಬಹುದು. ಅದು ಲಂಡನ್ನಿನ ಬೀದಿಗಳಲ್ಲಿ ಜಿ-ವಿಝ್ ಎಂಬ ಹೆಸರಿನಲ್ಲಿ ಓಡುತ್ತಿತ್ತು. ಹೊಗೆಯಿಲ್ಲದ ಗಾಡಿ ಎಂದು ನಗರದ ದಟ್ಟಣೆ ಶುಲ್ಕದಿಂದ ವಿನಾಯಿತಿಯೂ ಇತ್ತು. ಆದರೆ ಅಲ್ಲಿನ ಕಾನೂನಿನಲ್ಲಿ ಅದು 'ಕಾರು' ಅಲ್ಲ, 'ಕ್ವಾಡ್ರಿಸೈಕಲ್' ಎಂಬ ಹಗುರ ನಾಲ್ಕು ಚಕ್ರದ ವರ್ಗಕ್ಕೆ ಸೇರಿದ್ದು. ಕಾರುಗಳಿಗೆ ಕಡ್ಡಾಯವಾದ ಡಿಕ್ಕಿ ಪರೀಕ್ಷೆಗಳು ಆ ವರ್ಗಕ್ಕೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ಈ ಬಗ್ಗೆ ಬ್ರಿಟನ್ನಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಪಾಠವಿಷ್ಟೆ: ಬ್ರೇಕು, ದೀಪ, ಟೈರು ಸರಿಯಿದೆ ಎಂಬುದು ಒಂದು ಮಾತು. ಡಿಕ್ಕಿಯಾದರೆ ಒಳಗಿದ್ದವರಿಗೆ ಏನಾದೀತು ಎಂಬುದು ಬೇರೆಯೇ ಮಾತು. ವಾರ್ಷಿಕ ಪರೀಕ್ಷೆ ಎರಡನೆಯದನ್ನು ಕೇಳುವುದೇ ಇಲ್ಲ.

ಪರೀಕ್ಷಕರನ್ನು ಪರೀಕ್ಷಿಸುವವರು ಯಾರು?

ವಿಶ್ವವಿದ್ಯಾಲಯದಲ್ಲಿ ಒಂದೇ ಉತ್ತರಪತ್ರಿಕೆಯನ್ನು ಇಬ್ಬರು ತಿದ್ದಿದರೆ ಅಂಕ ಒಂದೇ ಬರುವುದಿಲ್ಲ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದವರಿಗೆಲ್ಲ ಇದು ಗೊತ್ತು. ಗಣಿತದಲ್ಲಿ ವ್ಯತ್ಯಾಸ ಕಡಿಮೆ, ಪ್ರಬಂಧದಲ್ಲಿ ಹೆಚ್ಚು. ಕಾರಿನ ಪರೀಕ್ಷೆಯಲ್ಲೂ ಹಾಗೆಯೇ. ಬ್ರೇಕಿನ ಬಲವನ್ನು ಯಂತ್ರ ಅಂಕಿಯಲ್ಲಿ ಹೇಳುತ್ತದೆ, ಟೈರಿನ ಗೀರನ್ನು ಅಳತೆಪಟ್ಟಿ ಹೇಳುತ್ತದೆ. ಇವು ಗಣಿತದ ಪತ್ರಿಕೆ. ತುಕ್ಕು ಎಷ್ಟು ಆಳಕ್ಕಿಳಿದಿದೆ, ಜಾಯಿಂಟಿನ ಅಲುಗಾಟ ಮಿತಿ ಮೀರಿದೆಯೇ, ರಬ್ಬರು ಬುಷ್ಷು ಇನ್ನೊಂದು ವರ್ಷ ತಾಳೀತೇ? ಇವು ಪ್ರಬಂಧ. ಕಣ್ಣು, ಕೈ, ಅನುಭವ ಹೇಳಿದ್ದೇ ತೀರ್ಪು.

ಬ್ರಿಟನ್ನಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪರೀಕ್ಷಾ ಕೇಂದ್ರಗಳಿವೆ. ಬಹುಪಾಲು ಖಾಸಗಿ ಗ್ಯಾರೇಜುಗಳೇ. ಪರೀಕ್ಷಿಸುವವರೂ ಅವರೇ, ಫೇಲಾದರೆ ರಿಪೇರಿ ಮಾಡಿ ಹಣ ಪಡೆಯುವವರೂ ಅವರೇ ಆಗಬಹುದು. ಇದರಿಂದ ಎರಡು ಬಗೆಯ ಆಸೆ ಹುಟ್ಟುತ್ತದೆ. ಪರಿಚಯದ ಗಿರಾಕಿ ಎಂದು ಸುಲಭದಲ್ಲಿ ಪಾಸು ಮಾಡುವುದು ಒಂದು, ಕೆಲಸ ಸಿಗಲಿ ಎಂದು ಇಲ್ಲದ ದೋಷ ಹುಡುಕುವುದು ಇನ್ನೊಂದು. ಬಹುತೇಕ ಗ್ಯಾರೇಜುಗಳು ಪ್ರಾಮಾಣಿಕವಾಗಿಯೇ ನಡೆಯುತ್ತವೆ. ಆದರೂ ಸರ್ಕಾರ ಸುಮ್ಮನೆ ನಂಬಿ ಕೂತಿಲ್ಲ. ಪರೀಕ್ಷೆ ಮುಗಿದ ಕೆಲವು ವಾಹನಗಳನ್ನು ಆರಿಸಿ ಸರ್ಕಾರಿ ತಜ್ಞರು ಮತ್ತೆ ಪರೀಕ್ಷಿಸಿ ಎರಡು ಫಲಿತಾಂಶಗಳನ್ನು ತಾಳೆ ನೋಡುತ್ತಾರೆ. ಸ್ಥಳೀಯ ಪೌರಾಡಳಿತಗಳು ತಮ್ಮ ಸ್ವಂತ ವಾಹನಗಳಿಗಾಗಿ ನಡೆಸುವ ಕೆಲವು ಕೇಂದ್ರಗಳು ಸಾರ್ವಜನಿಕರ ಕಾರನ್ನೂ ಪರೀಕ್ಷಿಸುತ್ತವೆ. ಅವು ಸಾಮಾನ್ಯವಾಗಿ ಹೊರಗಿನವರ ರಿಪೇರಿ ಮಾಡುವುದಿಲ್ಲ, ಹಾಗಾಗಿ ಪಾಸಾದರೂ ಫೇಲಾದರೂ ಅವರಿಗೆ ಲಾಭನಷ್ಟವಿಲ್ಲ. ಬಲ್ಲವರು ಅಂಥ ಕೇಂದ್ರವನ್ನು ಹುಡುಕಿಕೊಂಡು ಹೋಗುತ್ತಾರೆ.

ಉತ್ತರ ಐರ್ಲೆಂಡಿನಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಸರ್ಕಾರಿ ಕೇಂದ್ರಗಳಲ್ಲಷ್ಟೇ ಪರೀಕ್ಷೆ. 2020ರ ಜನವರಿಯಲ್ಲಿ ಅಲ್ಲೊಂದು ಸ್ವಾರಸ್ಯ ನಡೆಯಿತು. ಕಾರುಗಳನ್ನು ಎತ್ತಿ ನೋಡುವ ಲಿಫ್ಟುಗಳನ್ನು ಪರಿಶೀಲಿಸಿದಾಗ ಬಹುಪಾಲು ಲಿಫ್ಟುಗಳಲ್ಲೇ ಬಿರುಕು ಕಂಡಿತು! ಕಾರುಗಳ ಪರೀಕ್ಷೆಯನ್ನು ನಿಲ್ಲಿಸಬೇಕಾಯಿತು. ಕಾರಿನ ಬಿರುಕು ಹುಡುಕಬೇಕಾದ ಯಂತ್ರವೇ ಬಿರುಕು ಬಿಟ್ಟು ಫೇಲಾಗಿತ್ತು. ಪರೀಕ್ಷೆಯನ್ನೂ ಆಗಾಗ ಪರೀಕ್ಷಿಸುತ್ತಿರಬೇಕು ಎಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿ ಬೇಕೆ?

ಜರ್ಮನಿಯ ರ್‍ಯಾಂಕ್ ಪಟ್ಟಿ

ರ್‍ಯಾಂಕ್ ಪಟ್ಟಿ ಎಂದರೆ ನಮ್ಮ ತಾಯಿತಂದೆಯರ ಕಿವಿ ನಿಮಿರುತ್ತದೆ. ಕಾರುಗಳಿಗೂ ಅಂಥದೊಂದು ಪಟ್ಟಿ ಉಂಟು, ಅದು ಜರ್ಮನಿಯದು. ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಪರೀಕ್ಷೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಪಾಸಾದ ಕಾರಿನ ಹಿಂದಿನ ನಂಬರ್ ಪ್ಲೇಟಿಗೆ ಬಣ್ಣದ ದುಂಡು ಚೀಟಿ ಅಂಟಿಸುತ್ತಾರೆ. ಈ ಪರೀಕ್ಷೆ ಮಾಡುವ ಸಂಸ್ಥೆಗಳಲ್ಲಿ ಪ್ರಸಿದ್ಧವಾದದ್ದು ಟ್ಯೂಫ್. ಇದರ ಮೂಲ ಕಾರಿನಲ್ಲಿಲ್ಲ, ಹಬೆಯಲ್ಲಿದೆ. 1865ರಲ್ಲಿ ಮಾನ್‌ಹೈಮ್ ಊರಿನ ಬಿಯರ್ ಕಾರ್ಖಾನೆಯೊಂದರಲ್ಲಿ ಹಬೆಯ ಬಾಯ್ಲರು ಸಿಡಿಯಿತು. ಬಾಯ್ಲರುಗಳನ್ನು ನಿಯಮಿತವಾಗಿ ತಪಾಸಣೆ ಮಾಡುವ ಸಂಘವೊಂದು ಮರುವರ್ಷ ಹುಟ್ಟಿತು. ಅಂಥ ಸಂಘಗಳೇ ಬೆಳೆದು ಇಂದಿನ ಟ್ಯೂಫ್ ಆದವು.

ಟ್ಯೂಫ್ ಕೇಂದ್ರಗಳಲ್ಲಿ ನಡೆದ ಸುಮಾರು ಒಂದು ಕೋಟಿ ತಪಾಸಣೆಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಪ್ರತಿ ವರ್ಷ ವರದಿ ಹೊರಬರುತ್ತದೆ. ಯಾವ ಮಾದರಿಯ ಕಾರು, ಯಾವ ವಯಸ್ಸಿನಲ್ಲಿ, ನೂರಕ್ಕೆ ಎಷ್ಟು ಫೇಲಾಯಿತು ಎಂಬ ಲೆಕ್ಕ ಅದರಲ್ಲಿದೆ. ಒಟ್ಟಾರೆ ಐದು ವಾಹನಗಳಲ್ಲಿ ಸುಮಾರು ಒಂದು ಮೊದಲ ಸುತ್ತಿನಲ್ಲೇ ಫೇಲಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಈ ಪಟ್ಟಿಯನ್ನು ಪಂಚಾಂಗದಂತೆ ನೋಡುತ್ತಾರೆ. ಆದರೆ ಪಂಚಾಂಗವನ್ನು ಓದಲು ಬರಬೇಕಲ್ಲ?

ಇಲ್ಲಿ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. ಎರಡು ಕಾರುಗಳನ್ನು ಕಲ್ಪಿಸಿಕೊಳ್ಳಿ, ಅಂಕಿಗಳೂ ಬರೀ ಕಲ್ಪನೆಯವು. 'ಅ' ಎಂಬುದು ಪುಟಾಣಿ ಕಾರು. ಐದು ವರ್ಷದ ನೂರು ಕಾರುಗಳಲ್ಲಿ 10 ಫೇಲು. 'ಆ' ಎಂಬುದು ದೊಡ್ಡ ಕಾರು. ಅದೇ ವಯಸ್ಸಿನ ನೂರರಲ್ಲಿ 18 ಫೇಲು. ಪಟ್ಟಿಯಲ್ಲಿ 'ಅ' ಮೇಲೆ, 'ಆ' ಕೆಳಗೆ. ಆದರೆ ಪುಟಾಣಿ ಕಾರು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡಾಡಿ ಐದು ವರ್ಷದಲ್ಲಿ 30,000 ಕಿಲೋಮೀಟರ್ ಓಡಿದೆ. ದೊಡ್ಡ ಕಾರು ಊರೂರು ಸುತ್ತಿ 90,000 ಓಡಿದೆ. ಹತ್ತು ಸಾವಿರ ಕಿಲೋಮೀಟರಿಗೆ ಎಷ್ಟು ಫೇಲು ಎಂದು ಭಾಗಿಸಿ ನೋಡಿ. 'ಅ' ಮೂರಕ್ಕಿಂತ ಹೆಚ್ಚು, 'ಆ' ಕೇವಲ ಎರಡು. ರ್‍ಯಾಂಕ್ ತಿರುಗಿಬಿತ್ತು! ಈ ಭಾಗಾಕಾರವೇ ಅಂತಿಮ ಸತ್ಯ ಎಂದಲ್ಲ. ಬ್ರೇಕು ಓಡಿದಷ್ಟು ಸವೆಯುತ್ತದೆ, ತುಕ್ಕು ಮಾತ್ರ ನಿಂತ ಗಾಡಿಗೂ ಹಿಡಿಯುತ್ತದೆ. ಒಂದೇ ಅಂಕಿಯಿಂದ ಎರಡು ಬೇರೆ ಕಾರುಗಳನ್ನು ತೂಗಲು ಬರುವುದಿಲ್ಲ ಎಂಬುದಷ್ಟೇ ಇಲ್ಲಿನ ಮಾತು. ಟ್ಯೂಫ್ ವರದಿ ಪ್ರತಿ ಮಾದರಿಯೂ ಸರಾಸರಿ ಎಷ್ಟು ಓಡಿದೆ ಎಂಬುದನ್ನು ಪಕ್ಕದಲ್ಲೇ ಕೊಡುತ್ತದೆ. ಆ ಅಂಕಣವನ್ನು ಓದದವನು ಅರ್ಧ ಪಟ್ಟಿಯನ್ನಷ್ಟೇ ಓದಿದ ಹಾಗೆ.

ಇನ್ನೂ ಎರಡು ಜಾಣತನ ಬೇಕು. ಅನೇಕ ಮಾಲೀಕರು ಪರೀಕ್ಷೆಗೆ ಮುಂಚೆ ಕಾರನ್ನು ಗ್ಯಾರೇಜಿಗೆ ಒಯ್ದು ದೋಷಗಳನ್ನು ಸರಿಪಡಿಸಿಕೊಂಡೇ ಬರುತ್ತಾರೆ. ಟ್ಯೂಷನ್ನಿಗೆ ಹೋಗಿ ಬಂದವನ ಅಂಕದಂತೆ ಅದು, ಕಾರಿನ ಗುಣದ ಜತೆಗೆ ಮಾಲೀಕನ ಕಾಳಜಿಯನ್ನೂ ತೋರಿಸುತ್ತದೆ. ಎರಡನೆಯದು, ತೀರಾ ಕೆಟ್ಟ ಕಾರುಗಳು ಹತ್ತು-ಹನ್ನೆರಡು ವರ್ಷದ ಹೊತ್ತಿಗೆ ಗುಜರಿ ಸೇರಿರುತ್ತವೆ, ಪರೀಕ್ಷೆಗೆ ಬರುವುದೇ ಇಲ್ಲ. ಓದು ಬಿಟ್ಟವರನ್ನು ಬಿಟ್ಟು ಶಾಲೆಯ ಫಲಿತಾಂಶ ಹೇಳಿದ ಹಾಗೆ, ಉಳಿದವುಗಳ ಸರಾಸರಿ ಚೆನ್ನಾಗಿ ಕಾಣುತ್ತದೆ.

ಒಂದು ಅಂಕಪಟ್ಟಿ ಬೇಡ, ಹತ್ತು ತನ್ನಿ

ಹಾಗಾದರೆ ಈ ಪರೀಕ್ಷೆಗಳಿಂದ ಪ್ರಯೋಜನವೇ ಇಲ್ಲವೇ? ಹಾಗಲ್ಲ. ಒಂದು ದಿನದ ಫಲಿತಾಂಶ ಹೆಚ್ಚು ಹೇಳುವುದಿಲ್ಲ ನಿಜ. ಆದರೆ ಹತ್ತು ವರ್ಷದ ಫಲಿತಾಂಶಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಗಾಡಿಯ ಜಾತಕವೇ ಸಿಗುತ್ತದೆ. ಬ್ರಿಟನ್ನಿನಲ್ಲಿ ಇದು ಸುಲಭ. ಕಾರಿನ ನಂಬರು ಗೊತ್ತಿದ್ದರೆ ಸಾಕು, 2005ರಿಂದ ಈಚೆಗಿನ ಅದರ ಎಲ್ಲ ಎಂ.ಓ.ಟಿ. ಫಲಿತಾಂಶಗಳನ್ನು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದು. ಪಾಸೋ ಫೇಲೋ, ಯಾವ ದೋಷ, ಯಾವ ಸಲಹೆ, ಆ ದಿನ ಮೀಟರಿನಲ್ಲಿ ಎಷ್ಟು ಮೈಲಿ ಇತ್ತು, ಎಲ್ಲವೂ ಅಲ್ಲಿದೆ.

ಅದನ್ನು ಓದುವ ಬಗೆ ಹೀಗೆ. ಮೊದಲು ಮೈಲಿಯ ಸಾಲನ್ನು ಮಾತ್ರ ನೋಡಬೇಕು. 41,000, 46,000, 52,000 ಎಂದು ಏರುತ್ತ ಬಂದದ್ದು ಥಟ್ಟನೆ 38,000 ಆದರೆ ಯಾರೋ ಮೀಟರು ಹಿಂದಕ್ಕೆ ತಿರುಗಿಸಿದ್ದಾರೆ, ಇಲ್ಲವೇ ಮೀಟರನ್ನೇ ಬದಲಿಸಿದ್ದಾರೆ. ಎರಡಕ್ಕೂ ವಿವರಣೆ ಕೇಳಬೇಕು. ಆಮೇಲೆ ಸಲಹೆಯ ಸಾಲುಗಳು. 'ಮುಂದಿನ ಬ್ರೇಕ್ ಪೈಪಿಗೆ ತುಕ್ಕು' ಎಂದು ಒಂದು ವರ್ಷ ಬರೆದದ್ದು ಮರುವರ್ಷ ಮಾಯವಾಗಿದ್ದರೆ ಮಾಲೀಕ ಮಾತು ಕೇಳಿ ಸರಿಪಡಿಸಿದ ಎಂದು ಅರ್ಥ. ಅದೇ ಸಲಹೆ ಮೂರು ವರ್ಷ ಸತತವಾಗಿ ಬಂದು ನಾಲ್ಕನೆಯ ವರ್ಷ ಫೇಲಾಗಿದ್ದರೆ ಆ ಮಾಲೀಕ ಹೇಗೆ ಎಂದು ಬೇರೆ ಹೇಳಬೇಕಾಗಿಲ್ಲ. ಕಣ್ಣಿಗೆ ಕಾಣುವ ಬ್ರೇಕ್ ಪೈಪನ್ನೇ ಅಲಕ್ಷಿಸಿದವನು ಕಾಣದ ಎಂಜಿನ್ ಆಯಿಲನ್ನು ನೋಡಿಕೊಂಡಿದ್ದಾನೆಯೇ? ಪರೀಕ್ಷೆ ಕೇಳದ ಪ್ರಶ್ನೆಗೂ ಇಲ್ಲಿ ಅಡ್ಡದಾರಿಯಿಂದ ಉತ್ತರ ಸಿಗುತ್ತದೆ.

ಫೇಲಾದ ಕಾರೆಂದು ಹೆದರಬೇಕಾಗಿಯೂ ಇಲ್ಲ. ಸ್ಪ್ರಿಂಗು ಮುರಿದು ಫೇಲಾಗಿ, ಮರುದಿನ ಹೊಸದು ಹಾಕಿಸಿ ಪಾಸಾದ ಕಾರು, ಪ್ರತಿ ವರ್ಷ ಅಂಚಿನಲ್ಲಿ ತೇರ್ಗಡೆಯಾಗುತ್ತ ಬಂದ ಕಾರಿಗಿಂತ ಎಷ್ಟೋ ಮೇಲು.

ಪುಟಾಣಿ ಸ್ಮಾರ್ಟ್ ಕೊಳ್ಳುವವರಿಗೆ ಇದರ ಮೇಲೆ ಕೆಲವು ಕೆಲಸಗಳು ಉಳಿದಿವೆ. ಎಂಜಿನ್ನು ತಣ್ಣಗಿರುವಾಗಲೇ ಹೋಗಿ ತಾವೇ ಚಾಲೂ ಮಾಡಿ ನೋಡುವುದು, ಮಾಲೀಕ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗುವುದು. ಆಯಿಲ್ ಕಡ್ಡಿ ಎಳೆದು ನೋಡುವುದು. ಹೊರಡುವಾಗ ಹಿಂದಿನಿಂದ ನೀಲಿ ಹೊಗೆ ಬರುತ್ತದೆಯೇ ಎಂದು ಗೆಳೆಯರೊಬ್ಬರನ್ನು ನಿಲ್ಲಿಸಿ ನೋಡಿಸುವುದು. ಗಿಯರು ತಡೆಯಿಲ್ಲದೆ ಬೀಳುತ್ತದೆಯೇ, ಕಾಲಡಿಯ ನೆಲಹಾಸು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುವುದು. ಕೊನೆಗೆ, ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ತೋರಿಸುವುದು. ಅವರಿಗೆ ಕೊಡುವ ಹಣ ಎಂಜಿನ್ ರಿಪೇರಿಯ ಖರ್ಚಿನ ಎದುರು ಏನೂ ಅಲ್ಲ.

ನಮ್ಮಲ್ಲಿ?

ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕಾಲೇಜಿಗೆ ಹೋಗುವ ಮಗನಿಗೆ ಹಳೆಯ ಮಾರುತಿ 800 ಅಥವಾ ನ್ಯಾನೊ ಕೊಡಿಸಲು ಹೊರಟವರೂ ಈ ಲೇಖನದಿಂದ ಒಂದು ಮಾತು ಒಯ್ಯಬಹುದು. ಮಾರುತಿ 800ರ ತಯಾರಿಕೆ 2014ರಲ್ಲಿ, ನ್ಯಾನೊದ್ದು 2018ರಲ್ಲಿ ನಿಂತಿತು. ಇವೂ ಈಗ ಬರೀ ಹಳೆಯವೇ ಸಿಗುವ ಕಾರುಗಳು.

ನಮ್ಮ ಕಾನೂನಿನಲ್ಲಿ ಹಳದಿ ಬೋರ್ಡಿನ ಟ್ಯಾಕ್ಸಿ, ಬಸ್ಸು, ಲಾರಿಗಳು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕು. ಸ್ವಂತ ಬಳಕೆಯ ಬಿಳಿ ಬೋರ್ಡಿನ ಕಾರಿಗೆ ಹಾಗಿಲ್ಲ. ಅದರ ನೋಂದಣಿ ಹದಿನೈದು ವರ್ಷಕ್ಕೆ ಇರುತ್ತದೆ. ಅದು ಮುಗಿದಾಗಲೇ ಮೊದಲ ಸುಸ್ಥಿತಿ ಪರೀಕ್ಷೆ, ನವೀಕರಣವಾದರೆ ಮತ್ತೆ ಐದು ವರ್ಷ. ನಡುವೆ ನಡೆಯುವುದು ಹೊಗೆ ತಪಾಸಣೆ ಮಾತ್ರ, ಅದಕ್ಕೂ ಬ್ರೇಕಿಗೂ ಸಂಬಂಧವಿಲ್ಲ. ಅಂದರೆ ಹನ್ನೆರಡು ವರ್ಷದ ಮಾರುತಿಯೊಂದನ್ನು ಕೊಳ್ಳುವಾಗ ಅದರ ಬ್ರೇಕನ್ನು, ಸ್ಟಿಯರಿಂಗನ್ನು ಯಾವ ಅಧಿಕಾರಿಯೂ ಒಮ್ಮೆಯೂ ಪರೀಕ್ಷಿಸಿರದೆ ಇರಬಹುದು. ಇಂಗ್ಲೆಂಡಿನಲ್ಲಿರುವ ಮಗಳಿಗೆ ಓದಲು ಹತ್ತು ಅಂಕಪಟ್ಟಿಗಳಿವೆ. ಇಲ್ಲಿರುವ ಮಗನಿಗೆ ಒಂದೂ ಇಲ್ಲ. 'ಆರ್.ಸಿ. ಕ್ಲಿಯರ್ ಇದೆ, ಇನ್ಶೂರೆನ್ಸ್ ಇದೆ' ಎಂಬ ಮಾತು ಕಾಗದದ ಆರೋಗ್ಯವನ್ನು ಹೇಳುತ್ತದೆ, ಗಾಡಿಯದನ್ನಲ್ಲ. ಸರ್ವೀಸ್ ಮಾಡಿಸಿದ ಬಿಲ್ಲುಗಳನ್ನು ಕೇಳಿ ಪಡೆದು ಮೀಟರಿನ ಅಂಕಿಯೊಂದಿಗೆ ತಾಳೆ ನೋಡುವುದು, ನಂಬಿಕೆಯ ಮೆಕ್ಯಾನಿಕ್‌ನಿಂದ ಗಾಡಿ ಎತ್ತಿಸಿ ಕೆಳಗೆ ನೋಡಿಸುವುದು, ಇಲ್ಲಿ ಕೊಳ್ಳುವವನೇ ನಡೆಸಿಕೊಳ್ಳಬೇಕಾದ ಪರೀಕ್ಷೆ.

ಹಾಸನದ ಮನೆಗೆ ಮತ್ತೆ ಬರೋಣ. ಮರುದಿನ ರಾತ್ರಿ ಅಪ್ಪನೇ ಫೋನು ಮಾಡಿದರೆ, ಕೇಳಬೇಕಾದ ಪ್ರಶ್ನೆ ಪಾಸೋ ಫೇಲೋ ಎಂದಲ್ಲ. "ಹೋದ ವರ್ಷ ಏನು ಬರೆದಿದ್ದರು? ಅದರ ಹಿಂದಿನ ವರ್ಷ? ಬರೆದದ್ದನ್ನು ಸರಿ ಮಾಡಿಸಿದ್ದಾರಾ? ಬರೆಯದೆ ಬಿಟ್ಟದ್ದನ್ನು ನೀನು ಯಾರ ಹತ್ತಿರ ತೋರಿಸಿದೆ?" ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಹಣ ಕಳಿಸಬಹುದು. ಮಗಳು ಆ ಪುಟ್ಟ ಕಾರಿನಲ್ಲಿ ಕೂತು ಹೆದ್ದಾರಿಗೆ ಇಳಿಯುವಾಗ ಜತೆಗಿರುವುದು ಅಂದಿನ ಪ್ರಮಾಣಪತ್ರವಲ್ಲ, ಅಷ್ಟೂ ವರ್ಷ ಆ ಗಾಡಿಯನ್ನು ಯಾರು ಹೇಗೆ ನೋಡಿಕೊಂಡರೋ ಅದು.

ಅಮ್ಮನಿಗೆ ಇದು ಮೊದಲೇ ಗೊತ್ತಿತ್ತು. ಮಗಳ ಓದಿನ ವಿಷಯದಲ್ಲೂ ಆಕೆ ಕೊನೆಯ ಅಂಕಪಟ್ಟಿಯೊಂದನ್ನೇ ನೋಡಿ ಸುಮ್ಮನಾದವರಲ್ಲ.